ಬಿಸಿ ಗಾಲಿಗೆ ಹಾಕಿದ ನೀರು

ಆ ದಿನಗಳಲ್ಲಿ ನಮ್ಮ ಶಹಾಬಾದಿನಲ್ಲಿ ಬೇಸಿಗೆ ಬಂತೆಂದು ಮೊದಲು ಗೊತ್ತಾಗುತ್ತಿದ್ದುದು ಅಂಗಾಲಿಗೆ. ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆಯೂ ಕಲ್ಲು. ಅಂಗಳಕ್ಕೆ ಹಾಸಿದ ಫರ್ಸಿ ಕಲ್ಲು ಬೆಳಗಿನ ಹತ್ತಕ್ಕೆಲ್ಲ ಕಾದು ಹೆಂಚಾಗುತ್ತಿತ್ತು. ಹಿತ್ತಲಿನಿಂದ ಪಡಸಾಲೆಗೆ ಬರಬೇಕಾದರೆ ನಾವು ಮಕ್ಕಳು ಬೇವಿನ ನೆರಳಿನ ತುಂಡಿನಿಂದ ತುಂಡಿಗೆ ಜಿಗಿಯುತ್ತ ಬರಬೇಕು. ಅದೇ ಒಂದು ಆಟವಾಗಿತ್ತು. ಬಿಸಿಲಿಗೆ ಕಾಲಿಟ್ಟವನು ಔಟು.

ಸಂಜೆ ಐದರ ಸುಮಾರಿಗೆ ಇಡೀ ಓಣಿಗೆ ಒಂದೇ ಕೆಲಸ. ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಅಂಗಳಕ್ಕೆ ಸುರಿಯುವುದು. ಮೊದಲ ಕೊಡಕ್ಕೆ ಕಲ್ಲು ‘ಚುಂಯ್’ ಎನ್ನುತ್ತಿತ್ತು. ಬಿಸಿ ಹಬೆ ಮುಖಕ್ಕೆ ಬಡಿದು, ಅದರ ಹಿಂದೆಯೇ ಸುಣ್ಣ, ಧೂಳು, ಬೇವಿನ ಹೂ ಎಲ್ಲ ಬೆರೆತ ಒಂದು ವಾಸನೆ ಏಳುತ್ತಿತ್ತು. ನಾಲ್ಕನೆಯ ಕೊಡಕ್ಕೆ ಕಲ್ಲು ಸುಮ್ಮನಾಗುತ್ತಿತ್ತು. “ಹಾಂ, ಈಗ ಉಸಿರು ಬಿಡ್ತು ನೋಡು,” ಎನ್ನುತ್ತಿದ್ದಳು ಅವ್ವ. ಆಮೇಲೆ ಅಲ್ಲಿಯೇ ಚಾಪೆ ಹಾಸಿ, ಹುರಿದ ಶೇಂಗಾ ಬೆಲ್ಲ ತಿನ್ನುತ್ತ ಕೂರುವುದು. ಬಿಸಿಯಾದದ್ದಕ್ಕೆ ನೀರು ಹಾಕಿದರೆ ಅದಕ್ಕೆ ಸುಖವಾಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಅಂಗಳವೇ ಕಲಿಸಿದ್ದು.

ಮುಂದೆ ಬರೆಯುವ ಮೊದಲು ಒಂದು ಮಾತು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ ಮೇಲೆ ಅಂಟಿದ ಚಾಳಿ ಇದು. ಯಾರು ಏನು ಹೇಳಿದರೂ ‘ನೋಡಿದವರು ಯಾರು, ಅಳೆದವರು ಯಾರು’ ಎಂದು ಕೇಳುತ್ತೇನೆ, ನನ್ನನ್ನೂ ಕೇಳಿಕೊಳ್ಳುತ್ತೇನೆ. ಹಾಗಾಗಿ ಯಾವುದು ಖಾತ್ರಿ, ಯಾವುದು ಅಲ್ಲ ಎಂದು ಹೇಳುತ್ತಲೇ ಹೋಗುತ್ತೇನೆ.

ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರೆಂದೇ ಹೆಸರಿತ್ತು. ನನಗೆ ಹತ್ತು ವರ್ಷ, ಅಥವಾ ಹನ್ನೊಂದು. ಅಪ್ಪನದು ಊರ ಹೊರಗೆ ಒಂದು ಸಣ್ಣ ಫರ್ಸಿ ಖಣಿ. ಹೈದರಾಬಾದಿನಿಂದ ಅವರು ಬೂದು ಬಣ್ಣದ ಒಂದು ಹಳೆಯ ಕಾರು ಕೊಂಡು ತಂದಿದ್ದರು. ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ. ಓಡಿಸುತ್ತಿದ್ದವನು ಮೆಹಬೂಬ ಕಾಕಾ. ಗುಂಡಗುರ್ತಿಯವನು. ಐವತ್ತು ದಾಟಿದ್ದ, ಗಡ್ಡದಲ್ಲಿ ಕರಿಗಿಂತ ಬಿಳಿ ಹೆಚ್ಚಾಗಿತ್ತು. ಎಂಟು ವರ್ಷ ನಮ್ಮಲ್ಲಿದ್ದ. ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದ, ಉಳಿದ ದಿನ ನಮ್ಮ ಹೊರಗಿನ ಕೋಣೆಯಲ್ಲೇ ಅವನ ವಾಸ.

ಅವನ ಕೈಗಳ ಬಗ್ಗೆ ಹೇಳಬೇಕು, ಯಾಕೆಂದರೆ ಮುಂದೆ ನಡೆದದ್ದೆಲ್ಲ ಆ ಕೈಗಳ ಮೇಲೆಯೇ ನಡೆದದ್ದು. ಅವ್ವನಿಗೆ ಕಣ್ಣು ಮಂಜು. ಮಧ್ಯಾಹ್ನ ಕೌದಿ ಹೊಲಿಯಲು ಕೂತಾಗ ಸೂಜಿಗೆ ದಾರ ಪೋಣಿಸಲಾಗದೆ, “ಮೆಹಬೂಬ, ಇಲ್ಲಿ ಸ್ವಲ್ಪ ಬಾರಪಾ” ಎಂದು ಕೂಗುತ್ತಿದ್ದಳು. ಅವನು ಗ್ರೀಸಿನ ಕೈ ಒರೆಸಿಕೊಂಡು ಬಂದು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ದಾಟಿಸಿ ಕೊಡುತ್ತಿದ್ದ. ಎರಡನೆಯ ಸಲ ಯತ್ನಿಸಿದ್ದು ನಾನು ನೋಡಿಲ್ಲ.

“ನಿನ್ನ ಹೇಂತಿ ಪುಣ್ಯಾ ಮಾಡ್ಯಾಳ,” ಎನ್ನುತ್ತಿದ್ದಳು ಅವ್ವ.

“ಅಕಿ ಮುಂದ ಹೇಳಬ್ಯಾಡ್ರಿ ಅವ್ವಾರ. ಮನಿಯಾಗಿನ ಹರಕ ಅರಿವಿ ಎಲ್ಲಾ ನನ್ನ ಮುಂದ ತಂದ ಹಾಕ್ತಾಳ,” ಎನ್ನುತ್ತಿದ್ದ ಅವನು.

ಆ ಬೇಸಿಗೆ ಚಿಂಚೋಳಿಯ ಹತ್ತಿರದ ಚಂದಾಪುರದಲ್ಲಿ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಅದಕ್ಕೆ ಕಲ್ಲು ಕೊಡುವ ಕೆಲಸ ಅಪ್ಪನಿಗೆ ಸಿಕ್ಕಿತ್ತು. ಎರಡು ದಿನಕ್ಕೊಮ್ಮೆ ಬೆಳಕು ಹರಿಯುವ ಮೊದಲೇ ಹೊರಟು ವಾಡಿ, ಚಿತಾಪುರ, ಸೇಡಂ ದಾಟಿ ಚಿಂಚೋಳಿಯ ಕಡೆ ಹೋಗಿ, ಸಂಜೆಗೆ ವಾಪಸು. ಊರು ಹತ್ತಿರ ಬಂದಂತೆ ಕಲ್ಲಿನ ಲಾರಿಗಳು, ಎತ್ತಿನ ಬಂಡಿಗಳು, ದನದ ಹಿಂಡು. ಹೆಜ್ಜೆಗೊಮ್ಮೆ ಬ್ರೇಕು. ಕಾರು ಅಂಗಳಕ್ಕೆ ಬಂದು ನಿಂತಾಗ ಮುಂದಿನ ಗಾಲಿಗಳ ಹತ್ತಿರ ಕೈ ಹಿಡಿಯಲಾಗುತ್ತಿರಲಿಲ್ಲ, ಅಷ್ಟು ಕಾವು. ಸುಟ್ಟ ವಾಸನೆ ಬೇರೆ.

ಮೆಹಬೂಬ ಕಾಕಾ ಇಳಿದವನೇ ಕೈಕಾಲು ತೊಳೆದು ನಮಾಜಿಗೆ ಹೋಗುತ್ತಿದ್ದ. ಕಾರು ತೊಳೆಯುವುದು ಅವನು ತಿರುಗಿ ಬಂದ ಮೇಲೆ. “ಅದಕ್ಕೂ ಒಂದೀಟು ದಮ್ ತಗೊಳ್ಳಾಕ ಬಿಡಬೇಕು ತಮ್ಮಾ” ಎನ್ನುತ್ತಿದ್ದ. ಇದು ಖಾತ್ರಿ. ಆದರೆ ‘ಬಿಸಿ ಗಾಲಿಗೆ ನೀರು ತಾಗಿಸಬಾರದು’ ಎಂದು ಬಿಡಿಸಿ ಹೇಳಿದ್ದನೇ? ಒಂದು ನೆನಪಿನಲ್ಲಿ ಯುಗಾದಿಯ ಆಸುಪಾಸಿನಲ್ಲೇ ಹೇಳಿದ್ದಾನೆ, ಬೆರಳು ಅಲ್ಲಾಡಿಸುತ್ತ. ಇನ್ನೊಂದರಲ್ಲಿ ಹಾಗೆ ಹೇಳಿಯೇ ಇಲ್ಲ. ಎರಡೂ ಒಂದೇ ಸಮ ಸ್ಪಷ್ಟವಾಗಿವೆ. ಹೇಳಿದ್ದರೆ ನಾನು ಕೇಡಿಗ, ಹೇಳಿರದಿದ್ದರೆ ಬರೀ ದಡ್ಡ.

ಅವನು ನಮಾಜಿಗೆ ಹೋದ ಆ ಹೊತ್ತು ನಮ್ಮ ನೀರು ಹಾಕುವ ಹೊತ್ತು. ಅವ್ವ ಅಂಗಳದ ಆ ತುದಿಯಿಂದ, ನಾನು ಈ ತುದಿಯಿಂದ. ಒಂದು ದಿನ ನನ್ನ ಕೊಡದಲ್ಲಿ ನೀರು ಉಳಿಯಿತು. ಎದುರಿಗೆ ಕಾರು ಬಿಸಿಲಲ್ಲಿ ಬಂದು ಬಳಲಿ ನಿಂತಿತ್ತು. ಗಾಲಿಯ ತಗಡಿನ ತೂತುಗಳ ಒಳಕ್ಕೆ ಉಳಿದ ನೀರು ಸುರಿದೆ. ಅಬ್ಬಾ! ಕಲ್ಲು ಮಾಡುವ ಸದ್ದು ಅದರ ಮುಂದೆ ಏನೂ ಅಲ್ಲ. ಹಾವು ಬುಸುಗುಟ್ಟಿದಂತೆ ಒಳಗಿನಿಂದ ಸದ್ದು, ಹಿಂದೆಯೇ ಬಿಳಿ ಹಬೆ. ‘ಈಗ ಉಸಿರು ಬಿಡ್ತು’ ಎಂದುಕೊಂಡೆ. ಇನ್ನೊಂದು ಗಾಲಿಗೂ ಹಾಕಿದೆ. ಅಂದಿನಿಂದ ಕಾರು ಬಂದ ಸಂಜೆಯೆಲ್ಲ ಹಾಕಿದೆ. ಅಂಗಳ ಹೇಗೂ ಒದ್ದೆ, ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಎಷ್ಟು ದಿನ ಹಾಕಿದೆನೋ ಲೆಕ್ಕ ಇಟ್ಟಿಲ್ಲ.

ಕಾರು ನಡುಗತೊಡಗಿದ್ದು ಆಮೇಲೆ. ಸುಮ್ಮನೆ ಓಡುವಾಗ ಏನೂ ಇಲ್ಲ. ವೇಗದಲ್ಲಿದ್ದು ಬ್ರೇಕು ಒತ್ತಿದರೆ ಮಾತ್ರ ಸ್ಟೇರಿಂಗು ಗಡಗಡ ಅಲುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಅಪ್ಪನಿಗೆ ಕಾಣುತ್ತಿದ್ದುದು ಮೆಹಬೂಬ ಕಾಕಾನ ಎರಡು ಕೈ. ಬ್ರೇಕು ಬಿದ್ದಾಗಲೆಲ್ಲ ಆ ಕೈ ನಡುಗುತ್ತಿದ್ದವು.

ಮೊದಲು ಊರಿನ ಟೈರ್ ಅಂಗಡಿಗೆ ತೋರಿಸಿದರು. ಅಂಗಡಿಯವನು ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ, ನಟ್ಟುಗಳನ್ನೆಲ್ಲ ಬಿಗಿದು, ಸ್ಟೇರಿಂಗಿನ ಸರಳು ಜಗ್ಗಿ ನೋಡಿದ. ನಡುಕ ಹೋಗಲಿಲ್ಲ. ಅಂಗಡಿಯವನು ನಗುತ್ತ, “ಗಾಡ್ಯಾಗ ಏನೂ ಇಲ್ರಿ ಸಾವಕಾರ್ರ. ಹಿಡದವ್ರ ಕೈ ನೋಡ್ರಿ, ಸಿಂಧಿ ಗಿಂಧಿ ಏರ್ಯದೇನೋ!” ಎಂದ.

ಅದು ತಮಾಷೆ. ಮೆಹಬೂಬ ಕಾಕಾ ಈಚಲು ಮರದ ನೆರಳಿಗೂ ಹೋಗುವವನಲ್ಲ, ಅದು ಊರಿಗೇ ಗೊತ್ತು. ಅವನೂ ನಕ್ಕ. ಆದರೆ ಅಪ್ಪ ನಗಲಿಲ್ಲ. ಕುಡಿತವಲ್ಲದಿದ್ದರೆ ವಯಸ್ಸು ಎಂದು ಅವರ ತಲೆಗೆ ಹೊಕ್ಕಿತು. ಎರಡು ದಿನ ಬಿಟ್ಟು ಚಿತಾಪುರದ ರೈಲ್ವೆ ಗೇಟಿನ ಹತ್ತಿರ ಗೇಟು ಬೀಳುತ್ತಿರುವುದು ಕಂಡು ಜೋರಾಗಿ ಬ್ರೇಕು ಒತ್ತಿದಾಗ, ಕಾರು ತೂಗಾಡಿ ಒಂದು ಬಂಡಿಯ ನೊಗಕ್ಕೆ ಗೇಣಿನಷ್ಟು ದೂರದಲ್ಲಿ ನಿಂತಿತಂತೆ. ಅಪ್ಪನ ಹಣೆಗೆ ಮುಂದಿನ ಸೀಟು ತಾಗಿತ್ತು. ಆ ಸಂಜೆ ಅವರು ಇಳಿದು ಬಂದಾಗ ಹಣೆ ಊದಿತ್ತು.

ಅಂದಿನ ಸಂಜೆ ಮಾತ್ರ ನನಗೆ ಕಲ್ಲಿನಲ್ಲಿ ಕೆತ್ತಿದ ಹಾಗಿದೆ. ಅಪ್ಪ ಕಟ್ಟೆಯ ಮೇಲೆ. ಅವ್ವ ಕೌದಿ ಹಿಡಿದು ಬಾಗಿಲಲ್ಲಿ. ನಾನು ಬಾವಿಯ ಹತ್ತಿರ, ಕೈಯಲ್ಲಿ ತುಂಬಿದ ಕೊಡ. ಮೆಹಬೂಬ ಕಾಕಾ ನಮಾಜಿಗೆ ಹೋಗದೆ ನಿಂತಿದ್ದ.

“ಮೆಹಬೂಬ, ನಿನಗ ವಯಸ್ಸಾತು,” ಎಂದರು ಅಪ್ಪ. “ತಪ್ಪು ತಿಳ್ಕೋಬ್ಯಾಡ. ನಿನ್ನ ಕೈ ನಡಗಾಕತ್ತಾವ. ನಾ ಕಣ್ಣಾರೆ ನೋಡೀನಿ.”

“ನನ್ನ ಕೈ ಅಲ್ರಿ ಸಾವಕಾರ್ರ, ಸ್ಟೇರಿಂಗ ನಡಗ್ತದ. ಮುಂದಿನ ಗಾಲಿ ಒಳಗಿನ ಬ್ರೇಕ್ ಡ್ರಮ್ ಸೊಟ್ಟ ಆಗ್ಯಾವ. ಬಿಚ್ಚಿಸಿ ನೋಡ್ರಿ.”

“ಕಬ್ಬಿಣದ ಡ್ರಮ್ ತಂತಾನ ಹೆಂಗ ಸೊಟ್ಟ ಆಗ್ತದ?”

“ಬಿಸಿ ಇದ್ದಾಗ ತಣ್ಣೀರು ತಾಗಿದ್ರ ಆಗ್ತದ್ರಿ. ಹೊಳಿಗೆ ಇಳಿಸಿದ ಗಾಡಿಗೆ ಹಿಂಗ ಆಗೂದು ನಾ ಕಂಡೀನಿ. ಆದ್ರ ನಾ ಎಲ್ಲೂ ಇಳಿಸಿಲ್ಲ, ಖುದಾನ ಆಣಿ.”

“ಈ ಬ್ಯಾಸಗ್ಯಾಗ ಎಲ್ಲಿ ನೀರು ಮಾರಾಯಾ? ಇಲ್ಲಿಂದ ಚಿಂಚೋಳಿ ತನಕ ಒಂದು ಹಳ್ಳದಾಗರೆ ಹನಿ ಅದ ಏನು?”

ಅದರ ಉತ್ತರ ನನ್ನ ಕೈಯಲ್ಲಿತ್ತು, ಕೊಡದ ಕಂಠದವರೆಗೆ. ‘ನೀರು ನಾ ಹಾಕೀನಿ’ ಎಂದರೆ ಆಗುತ್ತಿತ್ತು. ಮೂರು ಮಾತು.

ಯಾಕೆ ಹೇಳಲಿಲ್ಲ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಏಟಿನ ಹೆದರಿಕೆ ಎಂದು ಬರೆದರೆ ಓದುವವರು ಮರುಗಿಯಾರು. ಆದರೆ ಅಪ್ಪ ನಮ್ಮನ್ನು ಹೊಡೆದವರಲ್ಲ. ಮುಂದಿನ ಪ್ರಯಾಣದಲ್ಲಿ ನನ್ನನ್ನು ಚಂದಾಪುರಕ್ಕೆ ಕರೆದೊಯ್ಯುವುದಾಗಿ, ಮುಂದಿನ ಸೀಟಿನಲ್ಲಿ ಕೂರಿಸುವುದಾಗಿ ಅಪ್ಪ ಮಾತು ಕೊಟ್ಟಿದ್ದರು. ಹೇಳಿದರೆ ಅದು ತಪ್ಪುತ್ತಿತ್ತು. ಅಷ್ಟೇ.

“ಅವ್ವಾರ, ಸೂಜಿ ದಾರ ಕೊಡ್ರಿ,” ಎಂದ ಮೆಹಬೂಬ ಕಾಕಾ. “ನನ್ನ ಕೈ ನಡಗ್ತಾವೋ ಇಲ್ಲೋ ಸಾವಕಾರ್ರೇ ನೋಡ್ಲಿ.”

ಅವ್ವ ಅವಸರದಿಂದ ಕೊಟ್ಟಳು. ಅವಳ ಮುಖದಲ್ಲಿ ಸಮಾಧಾನ ಕಂಡಿತ್ತು, ಈಗ ಎಲ್ಲ ಸರಿಹೋಗುತ್ತದೆ ಎಂಬಂತೆ. ಅವನು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಪಡುವಣ ಬೆಳಕಿಗೆ ಹಿಡಿದ. ದಾರ ಸೂಜಿಯ ಪಕ್ಕದಲ್ಲಿ ಹೋಯಿತು. ಮತ್ತೆ ಹಿಡಿದ. ಮತ್ತೆ ಪಕ್ಕದಲ್ಲಿ. ಮೂರನೆಯ ಸಲ ನಾನು ಕಂಡದ್ದು ಸುಳ್ಳಲ್ಲ: ಅವನ ಬೆರಳು ನಡುಗುತ್ತಿದ್ದವು. ಎಂಟು ವರ್ಷದಲ್ಲಿ ಒಮ್ಮೆಯೂ ನಡುಗದ ಬೆರಳು, ನಡುಗುತ್ತವೆಯೇ ಎಂದು ನಾವು ಮೂವರು ನೋಡುವಾಗ ನಡುಗಿದವು.

ಅಪ್ಪ ಮುಖ ಆ ಕಡೆ ತಿರುಗಿಸಿದರು. ಅವನು ಸೂಜಿಯನ್ನು ಕೌದಿಯ ಅಂಚಿಗೆ ಚುಚ್ಚಿಟ್ಟು, ಅಂಗಿಯ ಜೇಬಿನಿಂದ ಕಾರಿನ ಕೀಲಿ ತೆಗೆದು ಕಟ್ಟೆಯ ಮೇಲೆ ಇಟ್ಟ. “ಖರೇ ಅದ ಬಿಡ್ರಿ,” ಎಂದ. ತನಗೇ ಅನುಮಾನ ಬಂದವನ ದನಿ ಅದು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹೊರಗಿನ ಕೋಣೆ ಖಾಲಿಯಾಗಿತ್ತು.

ಹೊಸ ಡ್ರೈವರ್ ಸೇಡಂ ಕಡೆಯ ಹುಡುಗ, ಮಲ್ಲೇಶಿ. ಇಪ್ಪತ್ನಾಲ್ಕರ ಪ್ರಾಯ, ಕಬ್ಬಿಣದಂಥ ತೋಳು. ಮಾತಿನ ನಡುನಡುವೆ ತೆಲುಗು ನುಸುಳುತ್ತಿತ್ತು. ನಾನು ಮುಂದಿನ ಸೀಟಿನಲ್ಲಿ ಕೂತೆ. ಕಿಟಕಿಯಿಂದ ಬಿಸಿಗಾಳಿ, ಹಿಂದೆ ಅಪ್ಪನ ಬುತ್ತಿಯೊಳಗಿನ ಹಿಂಡಿಪಲ್ಯದ ವಾಸನೆ. ಬಹಳ ಬಯಸಿದ್ದ ಆ ಪ್ರಯಾಣದಲ್ಲಿ ನನಗೆ ನೆನಪಿರುವುದು ಒಂದೇ ದೃಶ್ಯ. ಚಿತಾಪುರದ ಗೇಟು ಹತ್ತಿರ ಬಂತು. ಮಲ್ಲೇಶಿ ಬ್ರೇಕು ಒತ್ತಿದ. ಅವನ ಕಬ್ಬಿಣದ ತೋಳು ಮೊಣಕೈಯವರೆಗೆ ಗಡಗಡ ನಡುಗಿದವು.

“ಅಯ್ಯಯ್ಯೋ! ಏನ್ ಸಾರ್ ಇದು, ಗಾಡಿಗೆ ಚಳಿಜ್ವರ ಬಂದದ ಏನು?” ಎಂದ.

ನಾನು ತಿರುಗಿ ನೋಡಿದೆ. ಅಪ್ಪ ಹಣೆ ಮುಟ್ಟಿಕೊಂಡು ಕೂತಿದ್ದರು. “ತಿರುಗಿಸು,” ಎಂದರು. “ವಾಡಿಗೆ ಹೋಗೂಣ.”

ವಾಡಿಯಲ್ಲಿ ನಾಗಪ್ಪ ಮೇಸ್ತ್ರಿ ಎಂಬ ಹಳೆಯ ಮೆಕ್ಯಾನಿಕ್ ಇದ್ದ. ಸಿಮೆಂಟಿನ ಧೂಳು ಕೂತು ಅವನ ಹುಬ್ಬು ಯಾವಾಗಲೂ ಬೆಳ್ಳಗೆ. ಅವನು ಮೊದಲು ಕಾರನ್ನು ತಾನೇ ರಸ್ತೆಗೆ ತೆಗೆದುಕೊಂಡು ಹೋದ, ನಾವೂ ಕೂತಿದ್ದೆವು. ವೇಗ ಬಂದ ಮೇಲೆ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದ. ಕಾರು ಸುಮ್ಮನೆ ನಿಧಾನವಾಯಿತು. “ಇದು ಹಿಂದಿನ ಗಾಲಿ ಅಷ್ಟೇ ಹಿಡಿತದ. ಏನೂ ನಡಗಲಿಲ್ಲ, ಹೌದಲ್ಲೋ?” ಎಂದ ನನಗೆ. ಮತ್ತೆ ವೇಗ ಹೆಚ್ಚಿಸಿ ಕಾಲಿನ ಬ್ರೇಕು ಒತ್ತಿದ. ಗಡಗಡ. “ಖೇಲ್ ಖತಂ. ಮುಂದಿನ ಡ್ರಮ್.” ಇಷ್ಟಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ.

ಮುಂದಿನ ಎರಡೂ ಗಾಲಿ ಬಿಚ್ಚಿ, ಕಡಾಯಿಯಂಥ ಕಬ್ಬಿಣದ ಡ್ರಮ್ಮು ತೆಗೆದ. ಒಳಗೋಡೆಯಲ್ಲಿ ಅಲ್ಲಲ್ಲಿ ಕಪ್ಪು ಕಲೆ. ಪಕ್ಕದ ಲೇತ್ ಅಂಗಡಿಯಲ್ಲಿ ಅದನ್ನು ಯಂತ್ರಕ್ಕೆ ಕಚ್ಚಿಸಿ ತಿರುಗಿಸಿದರು. ಉಳಿಯನ್ನು ಒಳಗೋಡೆಗೆ ಹತ್ತಿರ ತಂದಾಗ ಅದು ಎಲ್ಲ ಕಡೆ ತಾಗಲಿಲ್ಲ. ‘ಟಿಕ್... ಟಿಕ್... ಟಿಕ್...’ ಸುತ್ತಿಗೊಮ್ಮೆ ಒಂದೇ ಕಡೆ ತಾಗಿ ಅಷ್ಟು ಮಾತ್ರ ಹೊಳೆಯಿತು. ಉಳಿದದ್ದು ಕಪ್ಪಾಗಿಯೇ ಇತ್ತು.

“ದುಂಡಗ ಉಳದಿಲ್ರಿ ಇದು. ಒಳಗಿಂದ ಒತ್ತಿ ಹಿಡಿಯೋ ಬ್ರೇಕಿನ ಲೈನರ್ ಒಮ್ಮೆ ತಾಗ್ತದ, ಒಮ್ಮೆ ಬಿಡ್ತದ. ಅದಕ್ಕ ನಡಗ್ತದ,” ಎಂದ ನಾಗಪ್ಪ ಮೇಸ್ತ್ರಿ.

“ಎಷ್ಟು ಸೊಟ್ಟ ಆಗ್ಯದ?” ಅಪ್ಪ ಕೇಳಿದರು.

“ಭಾಳ ಇಲ್ರಿ. ಒಂದು ಪೋಸ್ಟ್ ಕಾರ್ಡಿನ ದಪ್ಪ.” ಆಮೇಲೆ ತಲೆ ಎತ್ತಿ, “ಕಾದಾಗ ನೀರ ಹಾಕೀರೇನ್ರಿ? ನಿಮ್ಮ ಡ್ರೈವರಗ ಅಷ್ಟೂ ತಿಳೀಲಿಲ್ಲೇನು?”

ಅಪ್ಪ ಅವನನ್ನು ದಿಟ್ಟಿಸಿ ನೋಡಿದರು. “ಏ, ನಮ್ಮ ಮೆಹಬೂಬ ಹಂಗ ಮಾಡೋ ಮನುಷ್ಯಾ ಅಲ್ಲ,” ಎಂದರು.

ಎರಡನೆಯ ಸಲವೂ ನಾನು ಸುಮ್ಮನಿದ್ದೆ. ಈಗ ಕಳೆದುಕೊಳ್ಳಲು ಮುಂದಿನ ಸೀಟೂ ಇರಲಿಲ್ಲ. ಒಮ್ಮೆ ನುಂಗಿದ ಮಾತು ಎರಡನೆಯ ಸಲಕ್ಕೆ ದಪ್ಪವಾಗಿರುತ್ತದೆ, ಗಂಟಲಿಗೆ ಬರುವುದಿಲ್ಲ.

ಆ ಮಧ್ಯಾಹ್ನವೇ ಲೇತಿನಲ್ಲಿ ಡ್ರಮ್ಮುಗಳ ಒಳಗೋಡೆ ಹೆರೆದು ದುಂಡಗೆ ಮಾಡಿ ಕೊಟ್ಟರು. ಎರಡು ದಿನದ ಮೇಲೆ ಅಪ್ಪ ಮಲ್ಲೇಶಿಯ ಜೊತೆ ಗುಂಡಗುರ್ತಿಗೆ ಹೊರಟರು. ನಾನೂ ಬರುತ್ತೇನೆಂದು ಹಟ ಹಿಡಿದೆ. ಹೇಳಿಬಿಡಬೇಕೆಂದೇ ಹೋದೆ ಎಂದು ಈಗ ಅನಿಸುತ್ತದೆ, ಹಾಗೆ ಅನಿಸುವುದು ನನಗೆ ಅನುಕೂಲವೂ ಹೌದು. ದಾರಿಯಲ್ಲಿ ಕಾರು ಬೆಣ್ಣೆಯಂತೆ ನಿಲ್ಲುತ್ತಿತ್ತು. ಮೆಹಬೂಬ ಕಾಕಾ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತು ತೊಗರಿಬೇಳೆಯೊಳಗಿನ ಹರಳು ಆರಿಸುತ್ತಿದ್ದ. ಅಪ್ಪ ಅವನ ಮುಂದೆ ನಿಂತರು.

“ತಪ್ಪು ನಂದು ಮೆಹಬೂಬ. ಗಾಡಿದೇ ನಡುಕ ಇತ್ತು. ನಾಳಿಂದ ಬಂದುಬಿಡು.”

“ಕುಂದ್ರಿ ಸಾವಕಾರ್ರ. ಚಾ ಕುಡೀರಿ ಮೊದಲ.” ಚಹಾ ಬಂತು. ಅವನು ತನ್ನ ಬಶಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಮೊದಲು ಒಂದೇ ಕೈಯಲ್ಲಿ ಹಿಡಿಯುತ್ತಿದ್ದವನು. “ಗಾಡಿದು ನೀವು ರಿಪೇರಿ ಮಾಡಿಸಿದ್ರಿ, ಛಲೋ ಆತು. ನಂದು ಆ ದಿನ ಸೂಜಿ ಮುಂದ ನಡಗಿದ್ದು ಖರೇನ ಅದ. ಅಂದಿನಿಂದ ಏನ ಹಿಡದ್ರೂ ಮೊದಲ ಕೈ ನೋಡ್ಕೋತೀನ್ರಿ. ಕೈ ನೋಡ್ಕೋತ ಗಾಡಿ ಹೊಡಿಯಾಕ ಆಗೂದಿಲ್ಲ. ದಾರಿ ನೋಡಬೇಕಲ್ರಿ?”

ಅಪ್ಪ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಸಿಟ್ಟೂ ಮಾಡಲಿಲ್ಲ. ಅಪ್ಪ ಕಾರಿನತ್ತ ನಡೆದರು. ನಾನು ಹಿಂದೆ ಉಳಿದೆ. ಮಂಚಕ್ಕೂ ಕಾರಿಗೂ ಹತ್ತು ಹನ್ನೆರಡು ಹೆಜ್ಜೆ. ಮೆಹಬೂಬ ಕಾಕಾ ನನ್ನ ತಲೆ ಸವರಿ ಮೆಲ್ಲಗೆ, “ತಮ್ಮಾ, ಗಾಡಿ ಬಂದ ಮ್ಯಾಲ ಈಗ ದಮ್ ತಗೊಳ್ಳಾಕ ಬಿಡ್ತೀ ಅಲಾ?” ಎಂದ.

ನಾನು ತಲೆಯಾಡಿಸಿದೆ. ಕಾರು ಹತ್ತಿದೆ.

ಅವನಿಗೆ ಗೊತ್ತಿತ್ತು. ಅಥವಾ ನನ್ನ ನೆನಪು ಈ ಮಾತನ್ನು ಆಮೇಲೆ ಅವನ ಬಾಯಿಗೆ ಹಾಕಿದೆ, ಅವನಿಗೆ ಗೊತ್ತಿದ್ದೂ ಕ್ಷಮಿಸಿದ್ದ ಎಂದು ನಂಬಿಕೊಳ್ಳಲು. ಯಾವುದೆಂದು ತಿಳಿಯುವ ದಾರಿಯಿಲ್ಲ. ಹಾಗೆಯೇ ಇನ್ನೊಂದು. ಸಂಜೆಗೆ ಎರಡು ಕೊಡ ನೀರಿಗೆ ಅಷ್ಟು ದಪ್ಪ ಕಬ್ಬಿಣ ಸೊಟ್ಟಾಗುತ್ತದೆಯೇ? ಓದಿ ನೋಡಿದ್ದೇನೆ, ಬಲ್ಲವರನ್ನು ಕೇಳಿದ್ದೇನೆ. ಆಗಬಹುದು, ಆಗದೆಯೂ ಇರಬಹುದು ಎನ್ನುತ್ತಾರೆ. ನಟ್ಟುಗಳನ್ನು ಏರುಪೇರಾಗಿ ಬಿಗಿದರೂ ಆಗುತ್ತದಂತೆ, ಬರೀ ಸವೆತದಿಂದಲೂ ಆಗುತ್ತದಂತೆ. ಆ ಕಾರು ಹೇಗೂ ಹಳೆಯದು. ಆದರೆ ಒಂದನ್ನು ಗಮನಿಸಿದ್ದೇನೆ. ನನಗೆ ಹುಟ್ಟುವ ಅನುಮಾನಗಳೆಲ್ಲ ಒಂದೇ ಕಡೆ ವಾಲುತ್ತವೆ, ನನ್ನನ್ನು ಬಿಡಿಸುವ ಕಡೆ. ಅದಕ್ಕೇ ಅವನ್ನೂ ನಾನು ನಂಬುವುದಿಲ್ಲ. ನೀರಿನಿಂದ ಆಯಿತೋ ಇಲ್ಲವೋ, ಸುಮ್ಮನೆ ನಿಂತದ್ದು ನಾನೇ. ಅದಕ್ಕೆ ಯಾವ ಪ್ರಯೋಗವೂ ಬೇಡ.

ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಒಮ್ಮೆ ಪೋಸ್ಟ್ ಕಾರ್ಡು ಕೊಂಡು ತಂದು ಬರೆದೆ. ‘ಮೆಹಬೂಬ ಕಾಕಾನಿಗೆ ನಮಸ್ಕಾರಗಳು. ಆ ನೀರು ಹಾಕಿದವನು ನಾನು.’ ಅವನಿಗೆ ಓದಲು ಬರುತ್ತಿರಲಿಲ್ಲ. ಬೇರೆ ಯಾರೋ ಗಟ್ಟಿಯಾಗಿ ಓದಿ ಹೇಳುತ್ತಾರೆ ಎನ್ನಿಸಿ, ನಾನೇ ಹೋಗಿ ಹೇಳೋಣವೆಂದು ಪುಸ್ತಕದೊಳಗೆ ಇಟ್ಟೆ. ಆ ವರ್ಷ ರಜೆಗೆ ಬಂದಾಗ ಅವ್ವ ಹೇಳಿದಳು, ಮೆಹಬೂಬ ತೀರಿಕೊಂಡು ಎರಡು ತಿಂಗಳಾಯಿತೆಂದು. ಅವಳು ಆಗಲೂ ಕೌದಿ ಹೊಲಿಯುತ್ತ ಕೂತಿದ್ದಳು. ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನ ಕೈಗೆ ಕೊಟ್ಟಳು. ನನಗೆ ಬಹಳ ಹೊತ್ತು ಹಿಡಿಯಿತು.

ಈಗ ಆ ಅಂಗಳವಿಲ್ಲ. ಫರ್ಸಿ ಕಿತ್ತು ನುಣುಪು ಟೈಲ್ಸ್ ಹಾಕಿದ್ದಾರೆ. ಅದಕ್ಕೆ ಎಷ್ಟು ನೀರು ಸುರಿದರೂ ಸದ್ದಿಲ್ಲ, ವಾಸನೆಯಿಲ್ಲ. ಅಪ್ಪ ಇಲ್ಲ, ಅವ್ವ ಇಲ್ಲ, ಕಾರು ಯಾವ ಗುಜರಿಗೆ ಹೋಯಿತೋ ಗೊತ್ತಿಲ್ಲ. ನಾನು ಹೇಳಿದ್ದು ಹೌದೋ ಅಲ್ಲವೋ ಎನ್ನಲು ಒಬ್ಬರೂ ಉಳಿದಿಲ್ಲ. ಕಾರ್ಡು ಇದೆ. ಹಳೆಯ ಪುಸ್ತಕ ತೆರೆದಾಗ ಕೆಲವೊಮ್ಮೆ ಸಿಗುತ್ತದೆ. ನಾಗಪ್ಪ ಮೇಸ್ತ್ರಿ ಅಂದು ನಿಜವಾಗಿ ‘ಪೋಸ್ಟ್ ಕಾರ್ಡಿನ ದಪ್ಪ’ ಎಂದಿದ್ದನೋ, ಅಥವಾ ಈ ಕಾರ್ಡನ್ನು ನೋಡಿನೋಡಿ ಆ ಮಾತು ನನಗೆ ಹುಟ್ಟಿತೋ ಹೇಳಲಾರೆ. ಆದರೂ ಅದನ್ನು ಎರಡು ಬೆರಳ ನಡುವೆ ಹಿಡಿದು ನೋಡುತ್ತೇನೆ. ಇಷ್ಟೇ ದಪ್ಪ. ಯಂತ್ರದ ಮೇಲಿಟ್ಟು ಒಂದು ಮಧ್ಯಾಹ್ನದಲ್ಲಿ ಸರಿಮಾಡಬಹುದಾಗಿದ್ದಷ್ಟು.